ಹನ್ನೆರಡು ಪಾಯಿಂಟ್ ಆರು

ಟೀಚರ್ ಬಂದು ಕೇಳಿದ್ರು: ಭಾಯಿ, ಸ್ವಚ್ಛ ಕರೆಂಟ್ ಸಿಗ್ತದೇನು?
ನಾ ನಕ್ಕೆ. ಇಪ್ಪತ್ತೆರಡು ವರ್ಷ ಆಯ್ತು
ಚಿಂಚೋಳಿ ಬಸ್‌ಸ್ಟ್ಯಾಂಡ್ ಎದುರಿಗೆ ಬ್ಯಾಟರಿ ಅಂಗಡಿ ಇಟ್ಟು.
ಗಿರಾಕಿ ಕೇಳೋದು ಅದ ಏನು, ಇಲ್ಲ ಏನು, ಅಷ್ಟ.
ಹೊಲಸು ಕರೆಂಟು, ತೊಳೆದ ಕರೆಂಟು ಯಾರು ಕೇಳ್ಯಾರ?

ಅನಸೂಯಾ ಚವ್ಹಾಣ ಟೀಚರ್ ಫೋನ್ ತೆಗೆದು ತೋರಿಸಿದ್ರು.
ಒಂದೊಂದು ಚುಕ್ಕಿಗೂ ಬಾಲ,
ಮ್ಯಾಲಿಂದ ಕೆಳಗ ಗೆರಿ ಗೆರಿ, ಹಿಂಡಿ ಒಗೆದ ಲುಂಗಿ ಹಾಂಗ.
ದುರ್ಬೀನಿನ ಮೋಟಾರು ನಡುರಾತ್ರಿ ತೂಕಡಿಸ್ತದಂತ.
ಕ್ಯಾಮೆರಾ ಹೇಳದ ಕೇಳದ ಕಣ್ಣು ಮುಚ್ಚತದಂತ.
ಕಂತು ಮಾತ್ರ ಇನ್ನೂ ಎರಡು ವರ್ಷದ್ದು ಬಾಕಿ.

ರೇಡಿಯೋನ ಸ್ಟೇಷನ್ ಇಲ್ಲದ ಕಡೆ ತಿರುವಿ
ಅವರ ಸಣ್ಣ ಇನ್ವರ್ಟರ್ ಬಾಜೂಕ ಹಿಡಿದೆ.
ಗುಂಯ್
ಅಂತು.
ಕೇಳ್ರಿ, ನಿಮ್ಮ ಕರೆಂಟಿನೊಳಗ ನೊಣ ಬಿದ್ದದ.
ಹನ್ನೆರಡನ್ನ ಇನ್ನೂರಾ ಮೂವತ್ತಕ್ಕ ಏರಿಸಿ ಮತ್ತ ಹನ್ನೆರಡಕ್ಕ ಇಳಿಸೋದು ಯಾಕ,
ಬಾಜೂ ಮನಿಗೆ ಹೋಗ್ಲಿಕ್ಕ ಗುಡ್ಡ ಹತ್ತಿ ಇಳಿದಾಂಗ?
ಮತ್ತ ಮೋಟಾರಿಗೆ ಮೂವತ್ತು ಫೂಟು ಡೋರ್‌ಬೆಲ್ಲಿನ ವಾಯರ್!
ಹನ್ನೆರಡು ಹೊರಟದ್ದು ಹತ್ತೂವರೆ ಮುಟ್ಟತದ,
ಸಂತಿಗೆ ಕಳಿಸಿದ ಹುಡುಗ ಚಿಲ್ಲರೆ ತಂದಾಂಗ.

ಗಾಡಿ ಬ್ಯಾಟರಿನೂ ಬ್ಯಾಡ್ರಿ. ಅದು ಪೈಲವಾನ,
ಒಂದು ಗುದ್ದು ಗುದ್ದಿ ಕುಂಡ್ರತದ.
ನಿಮಗ ಬೇಕಾದ್ದು ರಾತ್ರಿ ಪೂರಾ ರೊಟ್ಟಿ ಬಡಿಯೋ ಕೈ.

ಅಂಥಾದ್ದು ಹೊಸಾದಕ್ಕ ಹದಿನಾರು ಸಾವಿರ.
ಟೀಚರ್ ಸುಮ್ಮನಾದ್ರು. ನಾನೂ.
ಆಮ್ಯಾಲ ಯಾಕೋ ಏನೋ, ಮನಿಗೆ ಹೋಗಿ,
ರಶೀದಾ ಅಡಿಗಿ ಮನ್ಯಾಗ ಇದ್ದಾಗ
ನಮ್ಮ ಬ್ಯಾಟರೀನೇ ಬಿಚ್ಚಿ ಆಟೋದಾಗ ಹೇರಿದೆ.

ಕುಂಚಾವರಂ ಕಾಡಿನ ಅಂಚು. ತಾಂಡಾದ ಹಿಂದ ಹೊಲ.
ಕತ್ತಲಾಗ ತೊಗರಿ ಹೂವು ಕಾಣೋದಿಲ್ಲ, ವಾಸನಿ ಅದ.
ಟೀಚರ ಅವ್ವ ಕಂಬಳಿ ಹೊದ್ದು
ಕೆಂಪು ಕುಬಸದ ತುಂಡು ಕಟ್ಟಿದ ಟಾರ್ಚ್ ಹಿಡಿದಾಳ.
ನಾಕೇ ಫೂಟು ದಪ್ಪ ತಾಂಬ್ರದ ವಾಯರ್ ಎಳೆದೆ.
ಮೋಟಾರಿಗೆ ಒಂದು ದಾರಿ, ಕ್ಯಾಮೆರಾಕ್ಕ ಒಂದು,
ಇಬ್ಬನಿ ಒಣಗಿಸೋ ಹೀಟರ್ ಪಟ್ಟಿಗೆ ಬ್ಯಾರೇನೇ, ಅದು ಹೊಟ್ಟಿಬಾಕ.
ಒಂದೊಂದಕ್ಕೂ ಫ್ಯೂಸು.

ಅವರು ಮ್ಯಾಲ ನೋಡ್ತಾರ, ನಾ ಮೀಟರ್ ನೋಡ್ತೀನಿ.
ಹನ್ನೆರಡು ಪಾಯಿಂಟ್ ಆರು.
ಹನ್ನೊಂದು ಗಂಟಿಗೆ ಪಾಯಿಂಟ್ ಐದು.
ನರಿ ಒದರಿತು. ಪಾಯಿಂಟ್ ಐದು.
ಮುದುಕಿ ಆಕಳಿಸಿದಳು. ಪಾಯಿಂಟ್ ಐದು.

ದೇವಯಾನಿ, ಅಂದ್ರು ಟೀಚರ್,
ಇಪ್ಪತ್ತೈದು ಲಕ್ಷ ವರ್ಷದ ಹಿಂದ ಹೊರಟ ಬೆಳಕು.
ಪರದಿ ಮ್ಯಾಲ ಬೆರಳಿಂದ ಬೂದಿ ಒರೆಸಿದಷ್ಟು ಗುರುತು.
ನಾ ಮನಸಿನ್ಯಾಗ ಲೆಕ್ಕ ಹಾಕಿದೆ:
ವಾಯರ್ ಇಲ್ಲ, ನಡುವ ಜೋಡು ಇಲ್ಲ, ಇಷ್ಟು ದೂರ,
ಎಷ್ಟು ಡ್ರಾಪ್ ಆಗಿರಬೇಕು,
ಆದ್ರೂ ಮುಟ್ಟ್ಯದಲ್ಲ.

ಪಡುವಣಕ್ಕ ಗುಡ್ಡದ ಆಚಿ ಚಿಂಚೋಳಿಯ ಹಳದಿ ಬೆಳಕು.
ದೇವಯಾನಿ ಅದರ ಕಡೇನೇ ಇಳೀತಿದ್ದಳು, ಟೀಚರ್ ಗೊಣಗ್ತಿದ್ರು.
ಒಂದು ಗಂಟಿ ಸುಮಾರಿಗೆ
ಆ ಹಳದಿ ಫಕ್ಕನ ಹೋಯ್ತು.
ಭಾಯಿ, ಈಗ! ಅಂದ್ರು. ಐದೈದು ನಿಮಿಷ ತೆರಿಯೋಣ!
ನನ್ನ ಫೋನ್ ಬಡಕೊಂತು.

ಊರಾಗ ಕರೆಂಟ್ ಹೋಗ್ಯದ, ಇನ್ವರ್ಟರ್ ಯಾಕ ಹತ್ತವಲ್ದು?
ಬ್ಯಾಟರಿ ಸರ್ವಿಸಿಗೆ ಹೋಗ್ಯದ, ಅಂದೆ.
ಅಂಗಡಿ ನಿಮ್ದು. ಸರ್ವಿಸ್ ಯಾರ ಹತ್ರ?

ಮೀಟರ್ ನೋಡಿದೆ. ಪಾಯಿಂಟ್ ನಾಕು.
ಫೋನಿನ ಬೆಳಕು ಮುಚ್ಚರಿ, ಅಂದ್ರು ಟೀಚರ್, ಶಟರ್ ತೆರೆದದ.
ಮುದುಕಿ ಕಂಬಳಿಯ ಒಂದು ಮೂಲಿ ಎತ್ತಿ ಕೊಟ್ಟಳು.
ಅದರೊಳಗ ರಶೀದಾ
ಇನ್ನೂ ಕೇಳ್ತಾನೇ ಇದ್ದಳು.